ಟೇಪು ನೋಡಿಕೊಂಡು ಕಂಡ ಕನಸು

ನನ್ನ ಹೆಂಡತಿ ತೀರಿಕೊಂಡ ಮೇಲೆ ಎಲ್ಲರ ಕನಸಿಗೂ ಬಂದಳು. ನನ್ನ ಕನಸಿಗೆ ಮಾತ್ರ ಬರಲಿಲ್ಲ.

ಹುಕ್ಕೇರಿ ಹತ್ತಿರದ ತವರಿನಲ್ಲಿ ಅವಳ ತಾಯಿಗೆ ಕಾಣಿಸಿಕೊಂಡು ನುಚ್ಚು ಮಜ್ಜಿಗೆ ಕೇಳಿದಳಂತೆ. ತಂಗಿಯ ಹತ್ತಿರ ಹಸಿರು ಬಳೆ ಕೇಳಿದಳು. ಮೂಡಲಗಿಯಲ್ಲಿ ನಮ್ಮ ಬಾಜೂ ಮನೆಯ ಹೆಂಗಸಿನೊಡನೆ ನಳದ ನೀರಿನ ಸಲುವಾಗಿ ನಾಲ್ಕು ವರ್ಷ ಮಾತು ಬಿಟ್ಟಿದ್ದಳು. ಅವಳ ಕನಸಿಗೂ ಹೋಗಿ ಮೆಣಸಿನಕಾಯಿ ಭಜಿ ಕೇಳಿ ಬಂದಳು. ಸತ್ತವರು ಕನಸಿನಲ್ಲಿ ಬಂದು ಏನಾದರೂ ಕೇಳಿದರೆ ಅದನ್ನು ಮಾಡಿ, ಫೋಟೋದ ಮುಂದೆ ಎಡೆ ಹಿಡಿದು, ನಾಲ್ಕು ಮಂದಿಗೆ ಉಣಿಸುವುದು ನಮ್ಮ ಕಡೆಯ ರೂಢಿ. ಬಾಜೂ ಮನೆಯವಳು ಭಜಿ ಕರಿದು ನನಗೂ ಒಂದು ತಾಟು ತಂದಳು.

“ನಿಮಗೇನ ಕೇಳಿದ್ಳ್ರಿ, ಮಾಸ್ತರ?”

“ನನಗ ಇನ್ನೂ ಬಂದಿಲ್ಲವಾ.”

“ಗಂಡಗ ಬಂದಿಲ್ಲಾ?” ಆಕೆ ನನ್ನ ಮುಖವನ್ನೇ ನೋಡಿದಳು. “ನನ್ನ ಮ್ಯಾಲಿನ ಸಿಟ್ಟರ ಬಿಟ್ಟಾಳ. ನಿಮ್ಮ ಮ್ಯಾಲ ಏನ ಇಟ್ಕೊಂಡಾಳೋ ಏನೋ.”

ಏನು ಇಟ್ಟುಕೊಂಡಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುವ ಟೇಲರ್ ಮಾಸ್ತರ. ಕತ್ತರಿ, ಮಷಿನ್ ನನ್ನವು; ಗುಂಡಿ ತೂರಿಸುವ ಕಾಜ ತೆಗೆಯುವುದು, ಗುಂಡಿ ಹಚ್ಚುವುದು ಅವಳ ಪಾಲು. ಸಾಲಿ ಶುರುವಾಗುವ ಮುಂಚಿನ ವಾರ ಒಂದು ಮಧ್ಯಾಹ್ನ ಅವಳು, “ಎಡಗೈ ಬ್ಯಾನಿ ಆಗಾಕತ್ತೈತ್ರಿ, ನಾಳೆ ಮಾಡ್ತೀನಿ” ಎಂದಳು. ನಾನು ಮಷಿನ್ನಿನಿಂದ ತಲೆ ಎತ್ತಲಿಲ್ಲ. “ಎರಡ ಅಂಗಿ ಅದಾವು, ಮುಗಿಸಿ ಏಳು” ಎಂದೆ. ಅವಳು ಒಂದು ಅಂಗಿ ಮುಗಿಸಿದಳು. ಎರಡನೆಯದಕ್ಕೆ ಮೂರು ಕಾಜ ತೆಗೆದು ಗೋಡೆಗೆ ತಲೆ ಇಟ್ಟಳು. ಆ ತಲೆ ಮತ್ತೆ ಏಳಲಿಲ್ಲ.

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಸಿಟ್ಟಿದೆಯೋ ಇಲ್ಲವೋ, ಅದೊಂದನ್ನು ಕೇಳಬೇಕಾಗಿತ್ತು. ಅದಕ್ಕೇ ಮರುವರ್ಷದ ಬೇಸಿಗೆಯಲ್ಲಿ ಗೋಕಾಕಿನ ಒಂದು ಕನಸಿನ ಕ್ಲಾಸಿಗೆ ಹೋದೆ.

ಬಸ್ ಸ್ಟ್ಯಾಂಡಿನ ಹತ್ತಿರ ದೊಡ್ಡ ಬ್ಯಾನರ್ ಹಾಕಿದ್ದರು: ‘ನಿಮ್ಮ ಕನಸಿಗೆ ನೀವೇ ಒಡೆಯರು. ಆತ್ಮ ಸಮ್ಮೋಹನದಿಂದ ವ್ಯಕ್ತಿತ್ವ ವಿಕಸನ.’ ಕೆಳಗೆ ಕೋಟು ಹಾಕಿಕೊಂಡು ಗದ್ದಕ್ಕೆ ಕೈ ಕೊಟ್ಟ ಒಬ್ಬನ ಫೋಟೋ. ಕೋಟಿನ ಭುಜ ಅರ್ಧ ಇಂಚು ಜೋತುಬಿದ್ದಿತ್ತು. ಅಂಥ ಕೋಟು ತೊಟ್ಟು ಫೋಟೋ ತೆಗೆಸಿಕೊಂಡವನನ್ನು ನಾನು ಅವತ್ತೇ ನಂಬಬಾರದಿತ್ತು.

ಕ್ಲಾಸು ಒಂದು ಮಂಗಲ ಕಾರ್ಯಾಲಯದ ಮೇಲಿನ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಅಕ್ಕಿಕಾಳು ಇನ್ನೂ ಕಾಲಿಗೆ ಹತ್ತುತ್ತಿದ್ದವು. ಮೂವತ್ತು ಮಂದಿ ಇದ್ದೆವು. ಪರೀಕ್ಷೆ ಹೆದರಿಕೆಯ ಹುಡುಗಿಯರು, ಬೀಜ ಗೊಬ್ಬರದ ಏಜೆಂಟರು, ನಿದ್ದೆ ಬಾರದ ಒಬ್ಬ ನಿವೃತ್ತ ಸಾಲಿ ಮಾಸ್ತರ. ಅಷ್ಟು ಮಂದಿಗೆ ಮಾತಾಡಲು ಫೋಟೋದ ಕೋಟಿನವನು ಕೊರಳಪಟ್ಟಿಗೆ ಮೈಕು ಸಿಕ್ಕಿಸಿಕೊಂಡಿದ್ದ. ಕೆಮ್ಮಿದರೆ ಕೆಳಗಿನ ಓಣಿಗೂ ಕೇಳುತ್ತಿತ್ತು. ಬೇಸಿಗೆಯಲ್ಲೂ ಅದೇ ಕೋಟು.

“ಕಣ್ಣು ಮುಚ್ಚಿ. ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ. ಒಂದೊಂದು ಅಂಕಿಗೂ ಒಂದೊಂದು ಮೆಟ್ಟಿಲು ಇಳಿಯುತ್ತಿದ್ದೀರಿ” ಎಂದ.

ಒಬ್ಬ ಏಜೆಂಟ ಕಣ್ಣು ಮುಚ್ಚಿಕೊಂಡೇ ಕೇಳಿದ: “ಸರ್, ನಮ್ಮ ಮನ್ಯಾಗ ಮೆಟ್ಟಲಾ ಇಲ್ರಿ. ಎಲ್ಲಿಂದ ಇಳೀಲಿ?”

“ಲಿಫ್ಟಿನಲ್ಲಿ ಇಳಿಯಿರಿ.”

“ಕರೆಂಟ್ ಹೋದ್ರರಿ?”

ಉಳಿದವರೆಲ್ಲ ನಕ್ಕರು. ಆತ ನಗಲಿಲ್ಲ. ನಗುವವರ ಮನಸ್ಸು ಬೆಳೆಯುವುದಿಲ್ಲ ಎಂದ. ನಾನೂ ನಗಲಿಲ್ಲ, ಮನಸ್ಸಿನಲ್ಲೇ ಊರ ಹಳೆಯ ಬಾವಿಯ ಮೆಟ್ಟಿಲು ಇಳಿಯುತ್ತಿದ್ದೆ. ಅವಳನ್ನು ಕಾಣುವ ಗರಜು ನನಗೆ ಅಷ್ಟಿತ್ತು.

ಆತ ಕಲಿಸಿದ್ದು ಇಷ್ಟೇ. ಮಲಗುವ ಮುಂಚೆ ಮೈ ಸಡಿಲ ಬಿಟ್ಟು, ಎಣಿಸುತ್ತ ಇಳಿದು, ‘ಕನಸು ಬಿದ್ದಾಗ ಇದು ಕನಸೆಂದು ನನಗೆ ಗೊತ್ತಾಗುತ್ತದೆ’ ಎಂದು ತನಗೆ ತಾನೇ ಹೇಳಿಕೊಳ್ಳಬೇಕು. ಎಚ್ಚರವಿದ್ದಾಗಲೂ ದಿನಕ್ಕೆ ಹತ್ತು ಸಲ ‘ಇದು ಕನಸೇ?’ ಎಂದು ಕೇಳಿಕೊಂಡು, ಯಾವುದಾದರೂ ಅಂಕಿಯನ್ನು ಎರಡು ಸಲ ನೋಡಬೇಕು. ಕನಸಿನಲ್ಲಾದರೆ ಎರಡನೆಯ ಸಲ ಅಂಕಿ ಬದಲಾಗಿರುತ್ತದೆ. ಗೊತ್ತಾದ ಮೇಲೆ ಕನಸು ನಾವು ಹೇಳಿದಂತೆ ಕೇಳುತ್ತದೆ.

“ತೀರಿಕೊಂಡವರನ್ನ ಕರೀಬಹುದೇನ್ರಿ?” ಎಂದು ಕೇಳಿದೆ.

“ಯಾರನ್ನಾದರೂ ಕರೆಯಿರಿ. ಏನನ್ನಾದರೂ ಹೇಳಿಸಿ. ನೀವೇ ಡೈರೆಕ್ಟರ್!” ಎಂದು ಬೆನ್ನು ತಟ್ಟಿದ. ನನಗಿಂತ ಇಪ್ಪತ್ತು ವರ್ಷ ಸಣ್ಣವನು. ಅವನ ಮನೆಯಲ್ಲಿ ಇನ್ನೂ ಯಾರೂ ಸತ್ತಿರಲಿಕ್ಕಿಲ್ಲ.

ನನಗೆ ಅಂಕಿ ಹುಡುಕುವ ತಾಪತ್ರಯವಿರಲಿಲ್ಲ. ಟೇಪು ಕೊರಳಲ್ಲೇ ಇರುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗಲೇ ಟೇಪು ನೋಡಿ, ಕಣ್ಣು ತಿರುಗಿಸಿ, ಮತ್ತೆ ನೋಡುತ್ತಿದ್ದೆ. “ಯಾಕ್ರಿ ಮಾಸ್ತರ, ಹುಡುಗ ಅಷ್ಟರಾಗ ಬೆಳದ್ನೇನು?” ಎಂದು ಒಬ್ಬ ತಂದೆ ಕೇಳಿದ. ಮಧ್ಯಾಹ್ನ ಉಂಡ ಮೇಲೆ ಶಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಮಲಗಿ ಬಾವಿ ಇಳಿಯುತ್ತಿದ್ದೆ. ಕನಸು ಬರೆದಿಡಲು ಒಂದು ವಹಿ ಇಟ್ಟಿದ್ದೆ. ಮೊದಲ ಎರಡು ವಾರ ಅದರಲ್ಲಿ ಬಿದ್ದದ್ದು ಒಂದು ಎಮ್ಮೆ, ಒಂದು ಮದುವೆ ಮೆರವಣಿಗೆ, ಮತ್ತೆ ಅದೇ ಎಮ್ಮೆ.

ಮೂರನೆಯ ವಾರ ಅವಳು ಬಂದಳು. ತನ್ನ ಸ್ಟೂಲಿನ ಮೇಲೆ ನನಗೆ ಬೆನ್ನು ಮಾಡಿ ಕುಳಿತು ಕಾಜ ತೆಗೆಯುತ್ತಿದ್ದಳು. ನಾನು ಟೇಪು ನೋಡಿದೆ, ಹದಿನಾಲ್ಕು. ಮತ್ತೆ ನೋಡಿದೆ, ನಲವತ್ತೊಂದು. ಕನಸೆಂದು ತಿಳಿಯಿತು. “ಈ ಕಡೆ ತಿರುಗು” ಎಂದೆ. ತಿರುಗಿದಳು. “ಸಿಟ್ಟೈತೇನು?” ಎಂದೆ. “ಇಲ್ರಿ” ಎಂದಳು. “ಏನರ ಕೇಳು” ಎಂದೆ. “ಶೇಂಗಾ ಹೋಳಿಗಿ ಬೇಕಾಗಿತ್ರಿ” ಎಂದಳು.

ಎದ್ದವನೇ ಅತ್ತೆಗೆ ಫೋನ್ ಮಾಡಿದೆ. ಮುದುಕಿ ಅತ್ತಳು. ಬರುವ ರವಿವಾರ ಎಡೆ ಹಿಡಿಯೋಣ, ಬರ್ರಿ ಎಂದಳು. ಬಾಜೂ ಮನೆಯವಳಿಗೂ ಕೇಳುವ ಹಾಗೆ ನಾನು ದೊಡ್ಡ ಧ್ವನಿಯಲ್ಲೇ ಮಾತಾಡಿದೆ.

ರವಿವಾರ ಗೋಕಾಕಿನಲ್ಲಿ ಬಸ್ಸು ಬದಲಿಸಿ ಹೋದೆ. ಒಲೆಯ ಮುಂದೆ ಅತ್ತೆ ಶೇಂಗಾಪುಡಿ, ಬೆಲ್ಲ ಕಲಸಿ ಹೂರಣ ಕಟ್ಟುತ್ತಿದ್ದಳು; ಹೆಂಡತಿಯ ತಂಗಿ ಲಟ್ಟಿಸಿ ಬೇಯಿಸುತ್ತಿದ್ದಳು. ಫೋಟೋದ ಮುಂದೆ ಎಡೆ ಇಟ್ಟು ಎಲ್ಲರೂ ಕೈ ಮುಗಿದೆವು. ಊಟಕ್ಕೆ ಕುಳಿತಾಗ ತಂಗಿ ಮೆಲ್ಲಗೆ ಕೇಳಿದಳು:

“ಮಾಮಾರ, ಅಕ್ಕ ಖರೇನ ಶೇಂಗಾ ಹೋಳಿಗಿ ಕೇಳಿದ್ಳೇನ್ರಿ?”

“ಹೂಂ. ಯಾಕ?”

“ಆಕಿ ಒಂದ ದಿನಾನೂ ತಿಂದಾಕಿ ಅಲ್ರಿ. ಶೇಂಗಾ ತಿಂದ್ರ ಆಕಿಗೆ ಮೈತುಂಬ ದದ್ದು ಏಳತಿದ್ದವು. ನಿಮಗ ಗೊತ್ತಿರಲಿಲ್ಲಾ?”

ನನಗೆ ಗೊತ್ತಿರಲಿಲ್ಲ. ಪ್ರತಿ ಪಂಚಮಿಗೆ ಮಾಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ಅವಳು ತಿನ್ನುತ್ತಾಳೋ ಇಲ್ಲವೋ ಎಂದು ಮೂವತ್ತು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಶೇಂಗಾ ಹೋಳಿಗೆ ನನಗೆ ಇಷ್ಟ. ಕನಸಿನಲ್ಲಿ ಕೇಳಿದ್ದು ನನ್ನ ನಾಲಿಗೆ.

“ಸತ್ತ ಮ್ಯಾಲ ಬಾಯಿ ರುಚಿ ಬದ್ಲ ಆಗಿರಬೇಕ ಬಿಡ, ಸುಮ್ಮನಿರು” ಎಂದು ಅತ್ತೆ ಮಗಳನ್ನು ಗದರಿಸಿ, ನನ್ನ ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಅಳಿಯನ ಮಾನ ಉಳಿಸಲು ಮುದುಕಿ ಆ ಮಾತಾಡಿದ್ದು ನೋಡಿ ನಾನು ಹೋಳಿಗೆಯನ್ನು ತಾಟಿನ ಅಂಚಿಗೆ ಸರಿಸಿದೆ. ಕೋಟಿನವನ ಮೇಲೆ ಹೇಸಿಗೆಯಾಯಿತು. ಆದರೆ ಅವನು ಬಾಗಿಲು ತೋರಿಸಿದ್ದ, ಅಷ್ಟೇ. ಒಳಗೆ ಹೋಗಿ ಸತ್ತವಳಿಗೂ ಹುಕುಂ ಮಾಡಿದವನು ನಾನು. ಬದುಕಿದ್ದಾಗ ‘ತಿರುಗು’ ಎಂದರೆ ‘ಯಾಕ?’ ಎಂದು ಕೇಳದೆ ತಿರುಗಿದವಳಲ್ಲ ಅವಳು. ಕೈ ನೋವೆಂದ ಆ ಒಂದು ದಿನ ಮಾತ್ರ ಎದುರು ಮಾತಾಡಿರಲಿಲ್ಲ.

ತಾಟಿನ ಮುಂದೆ ಕುಳಿತೇ ಎಲ್ಲ ಹೇಳಿದೆ. ಕ್ಲಾಸು, ಬಾವಿ, ಟೇಪು. ಆಮೇಲೆ ಎರಡು ಅಂಗಿಯ ಮಾತು, ನಾನು ತಲೆ ಎತ್ತದೆ ಆಡಿದ್ದು. ತಂಗಿ ಎದ್ದು ಒಳಗೆ ಹೋದಳು. ಅತ್ತೆ ತುಪ್ಪದ ಚಮಚವನ್ನು ಕೆಳಗಿಟ್ಟಳು.

“ಆಕಿ ತಾನಾಗಿ ಬಂದಿರಲಿಲ್ಲಾ?”

“ಇಲ್ಲ, ಅತ್ತೀ. ನಾನ ಕರದಿದ್ದೆ.”

“ಮೂವತ್ತ ವರ್ಷ ನೀವ ಕರದಾಗೆಲ್ಲ ಎದ್ದ ಬಂದಾಳ್ರಿ,” ಎಂದಳು. “ಈಗರ ಕುಂಡ್ರಾಕ ಬಿಡ್ರಿ.”

ನನಗೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೋಳಿಗೆಯನ್ನು ಬುಟ್ಟಿಯಲ್ಲಿ ಹಾಕಿ ಓಣಿಯ ಮಕ್ಕಳಿಗೆ ಹಂಚಲು ಕಳಿಸಿದಳು.

ಆ ವಾರ ಕೋಟಿನವನು ಫೋನ್ ಮಾಡಿದ. ಕನಸು ಬಿದ್ದ ದಿನ ನಾನೇ ಅವನಿಗೆ ತಿಳಿಸಿದ್ದೆ; ನನ್ನದು ‘ಸಕ್ಸಸ್ ಸ್ಟೋರಿ’ ಅಂತೆ. ಮುಂದಿನ ಬ್ಯಾಚಿನವರ ಮುಂದೆ ನಿಂತು ಎರಡು ಮಾತಾಡಬೇಕಂತೆ. “ನಿಮ್ಮ ಕೋಟಿನ ಭುಜ ಬಿಚ್ಚಿ ಹೊಲಿಸ್ರಿ ಮೊದಲ,” ಎಂದು ಫೋನ್ ಇಟ್ಟೆ. ವಹಿಯಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಈಗ ಅಳತೆ ಬರೆಯುತ್ತೇನೆ. ಎಮ್ಮೆಯ ಪುಟ ಹಾಗೇ ಇದೆ.

ಮಧ್ಯಾಹ್ನ ಈಗಲೂ ಅದೇ ಟೇಬಲ್ಲಿನ ಮೇಲೆ ಮಲಗುತ್ತೇನೆ, ಎಣಿಸುವುದಿಲ್ಲ. ಅವಳು ಬಂದಿಲ್ಲ. ಮೊನ್ನೆ ಬಾಜೂ ಮನೆಯವಳು ನೀರಿನ ಕೊಡ ಇಳಿಸಿ, “ಮತ್ತ ಬಂದಿದ್ಳ್ರಿ ಮಾಸ್ತರ, ನನ್ನ ಕನಸಿನ್ಯಾಗ” ಎಂದಳು.

“ಏನ ಕೇಳಿದ್ಳು?”

“ಏನೂ ಕೇಳಲಿಲ್ರಿ. ನಮ್ಮ ಕಟ್ಟಿ ಮ್ಯಾಲ ಸುಮ್ಮನ ಕುಂತಿದ್ಳು.”

ಆ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಆದರೂ, “ಕುಂಡ್ರಲಿ ಬಿಡವಾ,” ಎಂದು ಒಳಗೆ ಬಂದೆ.