ಅತ್ತೆಯವರು ಕಡಲತೀರವನ್ನು ಪರಿಶೀಲಿಸಿದ ವಿಷಯ

ಓದುಗ ಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ರಜೆಯ ಅರ್ಜಿಗಳನ್ನು ಬಿಟ್ಟರೆ ನಾನು ಈ ಹಿಂದೆ ಬೇರೇನನ್ನೂ ಬರೆದವಳಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ನಮ್ಮದು ಆಂಧ್ರದ ಗಡಿಯಲ್ಲಿರುವ ಗುಮ್ಮಘಟ್ಟದ ಕಡೆಯ ಊರು. ಅತ್ತೆಯವರು ಕುರಿ ಸಾಕಿದವರು. ನಾನು ರಾಯದುರ್ಗದ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ಮಾಡುತ್ತಿದ್ದೆ. ಮದುವೆಯಾದ ಕೆಲವೇ ತಿಂಗಳಲ್ಲಿ ನನ್ನ ಯಜಮಾನರಿಗೆ ಕರಾವಳಿಯ ಗಾರ್ಮೆಂಟ್ಸ್ ಒಂದರಲ್ಲಿ ಕಟಿಂಗ್ ಮಾಸ್ಟರ್ ಕೆಲಸ ದೊರೆಯಿತು. ನನ್ನನ್ನೂ ಕರೆಸಿಕೊಳ್ಳುವ ಪ್ರಸ್ತಾಪ ಬಂದಾಗ ಅತ್ತೆಯವರು, "ನಾ ಕಣ್ಣಿಲೆ ನೋಡಿದ ಮ್ಯಾಲೆ ಹೇಳ್ತೀನಿ. ನೋಡದ ಜಾಗಕ್ಕ ಕುರಿಮರೀನೂ ಕಳಸಿದಾಕಿ ಅಲ್ಲ ನಾನು," ಎಂದರು. ಕುರಿಮರಿಯ ನಂತರದ ಸ್ಥಾನ ನನ್ನದೆಂದು ತಿಳಿದುಕೊಂಡೆ. ಅವರು ಒಪ್ಪದಿದ್ದಲ್ಲಿ ಹಬ್ಬಗಳಿಗೆ ಮಾತ್ರ ಗಂಡನ ಮುಖ ನೋಡುವ ಪರಿಸ್ಥಿತಿ ನನ್ನದಾಗುತ್ತಿತ್ತು.

ಅದರಂತೆ ಒಂದು ಭಾನುವಾರ ಯಜಮಾನರು ನಮ್ಮಿಬ್ಬರನ್ನು ಜನಸಂಚಾರವಿಲ್ಲದ ಒಂದು ಕಡಲತೀರಕ್ಕೆ ಕರೆದೊಯ್ದರು. ಬಂಡೆಯೊಂದರ ಬುಡ ಬಳಸಿ ಹೋಗಬೇಕು. ಅಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸು, "ಅಮ್ಮಾ, ಸೆಳೆತ ಜೋರುಂಟು, ನೀರಿಗೆ ಇಳಿಬೇಡಿ. ನೀರು ಏರಿದ್ರೆ ಈ ದಾರಿ ಮುಚ್ಚಿ ಹೋಗ್ತದೆ, ಮೊದಲೇ ತಿರುಗಿ ಬನ್ನಿ," ಎಂದು ಎಚ್ಚರಿಸಿದರು.

"ಮಳಿನೇ ಇಲ್ಲ, ನೀರು ಹ್ಯಾಂಗ ಏರತೈತ್ರಿ?" ಎಂದರು ಅತ್ತೆಯವರು.

ನಮ್ಮ ಕೆರೆಯ ನೀರು ಮಳೆ ನಿಂತ ಮೇಲೆ ಹಿಂದಕ್ಕೆ ಸರಿಯುವುದೇ ಹೊರತು ಮುಂದೆ ಬಂದದ್ದಿಲ್ಲ. ಆದ್ದರಿಂದ ಅವರು ನೀರಿನ ಅಂಚಿನಲ್ಲಿಯೇ ಕಂಬಳಿ ಹಾಸಿ, ರೊಟ್ಟಿಯ ಗಂಟನ್ನಿಟ್ಟರು.

"ಅತ್ತಿ, ಸ್ವಲ್ಪ ಮ್ಯಾಲೆ ಕುಂದ್ರೂಣೇನ್ರಿ?"

"ಕೆರಿ ದಂಡ್ಯಾಗ ಬೆಳದಾಕಿಗೆ ನೀರಿನ ಬುದ್ಧಿ ಹೇಳಾಕ ಬಂದ್ಯಾ?"

ತದನಂತರ ಪರಿಶೀಲನೆ ಆರಂಭವಾಯಿತು. ಕೆಂಪು ಏಡಿಗಳು ಸಾಲುಸಾಲಾಗಿ ಓಡುವುದನ್ನು ಕಂಡು, "ಅಡ್ಡಡ್ಡ ಹೊಂಟಾವಲ್ಲ, ಕಾಯಾವರು ಇಲ್ಲೇನು ಇವಕ್ಕ?" ಎಂದರು. ದೂರದಲ್ಲಿ ಎರಡು ಕಪ್ಪು ಬೆನ್ನುಗಳು ಎದ್ದು ಮುಳುಗಿದವು. ಅವು ಡಾಲ್ಫಿನ್‌ಗಳೆಂದು ಯಜಮಾನರು ತೋರಿಸುವಷ್ಟರಲ್ಲಿ, "ಯಾರ ಎಮ್ಮಿನಪಾ ಅವು, ಅಷ್ಟು ದೂರ ಬಿಟ್ಟಾರ?" ಎಂದು ಚಿಂತಿಸಿದರು.

ಆ ಎಮ್ಮೆಗಳನ್ನೇ ನೋಡುತ್ತಿದ್ದಾಗ ಅಲೆಯೊಂದು ಬಂದು ಕಂಬಳಿಯನ್ನು ನೆನೆಸಿ, ಗಂಟನ್ನು ಒಯ್ದಿತು. ಹಿಡಿಯಲು ಹೊರಟ ಯಜಮಾನರ ಅಂಗಿಯನ್ನು ನಾನು ಹಿಡಿದೆಳೆದೆ. ಮುಂದಿನ ಅಲೆಯೇ ಗಂಟನ್ನು ತಂದು ನಮ್ಮ ಕಾಲ ಬಳಿ ಹಾಕಿತು. ಅತ್ತೆಯವರಿಗೆ ಸಮಾಧಾನವಾಗಲಿಲ್ಲ.

"ಮಳಿ ಇಲ್ಲದ ಏರೋ ನೀರು! ಇಂಥಾ ಊರಾಗ ಸೊಸೀನ ಬಿಡಂಗಿಲ್ಲ. ನಡೀರಿ."

ನಾನು ಕಂಬಳಿಯನ್ನು ಹಿಂಡತೊಡಗಿದೆ. ಯಜಮಾನರ ಮುಖವೂ ಹಿಂಡಿದಂತೆಯೇ ಇತ್ತು.

ಮೇಲಿನ ಒಣ ಮರಳಿಗೆ ಬಂದಾಗ, ಗೂಟ ನೆಟ್ಟು ಬಲೆ ಕಟ್ಟಿದ ಸಣ್ಣ ಆವರಣ ಕಂಡಿತು. ಒಳಗೆ ಆಮೆಯ ಮೊಟ್ಟೆಗಳಿವೆ, ಅರಣ್ಯ ಇಲಾಖೆಯವರು ಬೇಲಿ ಹಾಕಿದ್ದಾರೆ, ಹತ್ತಿರ ಹೋಗಬಾರದು ಎಂದು ಯಜಮಾನರು ವಿವರಿಸಿದರು.

"ತಾಯಿ ಎಲ್ಲಿ?"

"ಮೊಟ್ಟಿ ಇಟ್ಟು ಸಮುದ್ರಕ್ಕ ಹೋಗತೈತವ್ವ."

"ಮತ್ತ ಮನ್ಯಾಗ ಯಾರು?"

ಕುರಿಮರಿಗಳ ಗೂಡನ್ನು ಒಬ್ಬರೂ ಇಲ್ಲದೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅಷ್ಟರಲ್ಲಿ ಬೀದಿನಾಯಿಯೊಂದು ಬಲೆಯ ಪಕ್ಕದ ಮರಳನ್ನು ಮೂಸುತ್ತ ಬಂದಿತು. ಅತ್ತೆಯವರು ತಮ್ಮ ಕುರಿ ಕಾಯುವ ಕೋಲೆತ್ತಿ ಕನ್ನಡದಲ್ಲಿ ಗದರಿಸಿದರು; ಅದು ಕದಲದಿರಲು, ಸಂತೆಯಲ್ಲಿ ಕಲಿತ ತೆಲುಗಿನಲ್ಲಿ, "ಪೋರಾ ಅವತಲಿಕಿ!" ಎಂದರು. ನಾಯಿ ಓಡಿತು. ಬಳಿಕ ಅತ್ತೆಯವರು ದೂರದಲ್ಲಿ ಬೇಲಿಗೆ ಮುಖಮಾಡಿ ಕುಳಿತು, ನೆನೆದ ರೊಟ್ಟಿಯನ್ನು ತಿಂದು, "ಉಪ್ಪು ಜಾಸ್ತಿ ಹಾಕೀಯವ್ವ," ಎಂದು ನನ್ನನ್ನು ಆಕ್ಷೇಪಿಸಿದರು.

ನೀರು ಬಂಡೆಯತ್ತ ಏರುತ್ತಿರುವುದನ್ನು ಕಂಡು ನಾವು ಅವರನ್ನು ಬಲವಂತವಾಗಿ ಎಬ್ಬಿಸಿದೆವು. ದಾರಿಯಲ್ಲಿ ಮೀನಿನ ಹೆಂಗಸಿನಿಂದ, ಮೊಟ್ಟೆಗಳ ಕಾವಲಿನವನು ಸಂಜೆಗೆ ಬರುವನೆಂದು ಕೇಳಿ ತಿಳಿದುಕೊಂಡರು.

"ಸಂಜಿಗಾ? ಹಗಲೊತ್ತು?" ಎಂದು ಕೋಲೂರಿ ನಿಂತು, ನನ್ನ ಕಡೆ ತಿರುಗಿದರು. "ಇಲ್ಲೇ ಮನಿ ಮಾಡ್ರಿ. ಸೂಟಿ ದಿನ ಬಂದು ದೂರ ನಿಂತು ನೋಡು. ನಾಯಿ ಬಂದ್ರ ತೆಲುಗಿನ್ಯಾಗ ಬೈಯಿ."

ತಮ್ಮ ಮಗನನ್ನು ನೋಡಿಕೊಳ್ಳುವ ಬಗ್ಗೆ ಯಾವುದೇ ಸೂಚನೆ ನೀಡಲಿಲ್ಲ. ನಾವು ಮನೆ ಮಾಡಿದ ಮೇಲೆ ಬಂದ ಅವರ ಮೊದಲ ಫೋನಿನಲ್ಲಿಯೂ, "ಮರಿ ಹೊರಗ ಬಂದ್ವೇನು?" ಎಂದೇ ವಿಚಾರಿಸಿದರು. ಪಕ್ಕದಲ್ಲಿದ್ದ ಯಜಮಾನರು ತಾವೂ ಕ್ಷೇಮವೆಂದು ತಿಳಿಸುವಂತೆ ನನಗೆ ಸನ್ನೆ ಮಾಡುತ್ತಿದ್ದರು.