ಹೋಟೆಲ್ ಶೆಕೂವೆ

ದೋಣಿಯಿಂದ ಇಳಿದವರ ಚೀಲ ಯಾವ ಬಾಗಿಲಿಗೆ ಹೋಯಿತು ಎಂಬ ಸುದ್ದಿ ನಮ್ಮ ದ್ವೀಪದ ಊರು ಶೇಲಾದಲ್ಲಿ ಅವರಿಗಿಂತ ಮೊದಲು ಊರು ಸುತ್ತುತ್ತದೆ. ನನ್ನ ಮದುವೆಗೆಂದು ಮೊಂಬಾಸಾದಿಂದ ಬಂದ ಶೆಕೂವೆ ಚಿಕ್ಕಪ್ಪನ ಚೀಲ ದಂಡೆಯ ಹೋಟೆಲಿಗೆ ಹೋಗಿತ್ತು. ಅವರು ನಮ್ಮ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂಬಂತೆ "ಹೋಡಿ" ಎಂದು ಕೂಗುವಷ್ಟರಲ್ಲಿ ಅಪ್ಪನ ತಂಗಿ ತಿಮಾ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸಿದ್ಧಳಾಗಿದ್ದಳು.

"ಚೀಲ ಎಲ್ಲೋ?"

"ಹೋಟೆಲಲ್ಲಿದೆ ಅಕ್ಕ. ಅಲ್ಲಿನ ಗೋಡೆಗೂಡು ನಾನೇ ಮಾಡಿದ್ದಲ್ವಾ, ಒಂದ್ಸಲ ಅದರ ಕೆಳಗೆ ಮಲಗಿ ನೋಡೋಣ ಅಂತ…"

"ನೋಡಪ್ಪ, ನೋಡು. ಅಕ್ಕ ಸತ್ತುಹೋಗಿದಾಳೆ, ಮನೆ ಬಿದ್ದುಹೋಗಿದೆ. ಪಾಪ, ನೀನಾದ್ರೂ ಎಲ್ಲಿ ಮಲಗ್ತೀಯ?"

ಗೂಡಿನ ಮಾತು ಸುಳ್ಳಲ್ಲ. ಹವಳದ ಕಲ್ಲಿನ ಆ ಹಳೆಯ ಮನೆ ಹೋಟೆಲ್ ಆದಾಗ ಗಾರೆಯ ಕೆಲಸವೆಲ್ಲ ಚಿಕ್ಕಪ್ಪನದೇ. ಗುಂಡಿಯಲ್ಲಿ ಮಾಗಿಸಿದ ಸುಣ್ಣದಲ್ಲಿ ಗೋಡೆಯ ತುಂಬ ಸಾಲುಸಾಲು ಗೂಡುಗಳನ್ನು ಅವರು ಕೆತ್ತಿದ್ದರು. ದಿನವಿಡೀ ಸುಣ್ಣದೊಳಗಿದ್ದರೂ ಅವರ ಲುಂಗಿಯ ಮೇಲೆ ಒಂದು ಚುಕ್ಕೆ ಕಾಣುತ್ತಿರಲಿಲ್ಲ. ಅಷ್ಟು ಶುಭ್ರವಾದ ಮನುಷ್ಯ.

ಆದರೆ ಹೋಟೆಲ್ ಹಿಡಿದ ಕಾರಣ ಬೇರೆ. ಮೊಂಬಾಸಾದಲ್ಲಿ ಅವರಿಗೆ ಮೂತ್ರಚೀಲದ ಕೆಳಗಿನ ಗ್ರಂಥಿಯ ಆಪರೇಷನ್ ಆಗಿತ್ತು. ಆಮೇಲೆ ಮೂತ್ರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ನಿದ್ದೆಯಲ್ಲಂತೂ ತಿಳಿಯುತ್ತಲೇ ಇರಲಿಲ್ಲ. ನಮ್ಮ ಮನೆಯ ಹಾಸಿಗೆಗಳು ಬೂರುಗದ ಹತ್ತಿಯವು. ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ. ತಾರಸಿಯ ಮೇಲೆ ಹರವಿದರೆ ಕೇರಿಯೆಲ್ಲ ನೋಡುತ್ತದೆ. ಹೋಟೆಲಿನಲ್ಲಾದರೆ ಮಲಗುವವರೂ ಒಗೆಯುವವರೂ ಗುರುತಿಲ್ಲದವರು ಎಂದು ಅವರು ಎಣಿಸಿದ್ದರು. ಹಾಸಿಗೆಯ ಮೇಲೆ ಹಾಸಲು ರಬ್ಬರ್ ಶೀಟೊಂದನ್ನು ಚೀಲದ ತಳದಲ್ಲಿ ಮಡಿಸಿ ತಂದಿದ್ದರು.

ಇದಕ್ಕಿಂತ ದೊಡ್ಡ ಅಂಜಿಕೆ ಮದುವೆಯದು. ನನ್ನ ಅಪ್ಪ ತೀರಿಕೊಂಡಿದ್ದರು. ನಿಕಾಹ್‌ನಲ್ಲಿ ವಲಿಯಾಗಿ ಕೂತು ಮದುಮಗನ ಕೈ ಹಿಡಿದು ನನ್ನನ್ನು ಒಪ್ಪಿಸಬೇಕಾದವರು ಅಪ್ಪನ ತಮ್ಮನೇ. ಬಿಳಿ ನಿಲುವಂಗಿ ತೊಟ್ಟು, ಹಾಸಿದ ಬಿಳಿ ಬಟ್ಟೆಯ ಮೇಲೆ, ಊರಿನ ಗಂಡಸರ ನಡುವೆ, ಖಾಜಿಯ ಪ್ರವಚನ ಮುಗಿಯುವವರೆಗೆ ಅಲುಗಾಡದೆ ಕೂರಬೇಕು.

ಅಂದು ಸಂಜೆ ಮನೆಮುಂದಿನ ಕಲ್ಲುಜಗುಲಿಯಲ್ಲಿ ಅಪ್ಪನ ದಾಯಾದಿ ಬುನು ಶುರು ಮಾಡಿದ. "ಅಣ್ಣ, ಅಲ್ಲಿ ಬೆಳಿಗ್ಗೆಗೆ ಏನು ಕೊಡ್ತಾರೆ? ನಮ್ಮನೇಲಿ ಕರಿದ ಮಾಂದಾಜಿ ಇನ್ಮೇಲೆ ನಿಮ್ಮ ಗಂಟಲಲ್ಲಿ ಇಳಿಯುತ್ತೋ ಇಲ್ವೋ?"

ಎಲ್ಲರೂ ನಕ್ಕರು. ಬಾಗಿಲ ಒಳಗಿನಿಂದ ಅತ್ತೆಯ ದನಿ ಬಂತು. "ಬುನು, ವಲಿಯಾಗಿ ನೀನೇ ಕೂತ್ಕೊಳ್ಳಪ್ಪ. ಹೋಟೆಲಿನವರು ನೆಂಟರ ಥರ ಬಂದು ಊಟ ಮಾಡ್ಕೊಂಡು ಹೋಗಲಿ."

ನಗು ನಿಂತಿತು. ಚಿಕ್ಕಪ್ಪ ತಲೆ ಎತ್ತಲಿಲ್ಲ. ಆ ಮಾತು ಕೇಳಿ ಒಂದು ಕ್ಷಣ ಅವರಿಗೆ ಹಗುರವೆನಿಸಿತಂತೆ. ಸತ್ತ ಅಣ್ಣನ ಮಗಳ ಕೆಲಸ ತಪ್ಪಿತೆಂದು ಹಗುರವಾದೆನಲ್ಲ ಎಂಬುದು, ಒದ್ದೆ ಹಾಸಿಗೆಗಿಂತ ಹೆಚ್ಚಾಗಿ ಅವರನ್ನು ಕುಗ್ಗಿಸಿತು.

ಮರುದಿನ ಮುಂಜಾನೆಯ ನಮಾಜು ಮುಗಿದ ಮೇಲೆ ಅವರು ಹೋಟೆಲಿನ ಹಿತ್ತಲಿನ ನೀರಿನ ತೊಟ್ಟಿಯ ಬಳಿ ಕೂತು ತಾವು ಮಲಗಿದ್ದ ದುಪ್ಪಟಿಯನ್ನು ಒಗೆಯುತ್ತಿದ್ದರು. ಆಗ ಹಿಂಬಾಗಿಲ ಆಚೆ ಯಾರೋ ಕೂಗಿದರು.

"ಹೋಡಿ."

ಅಕ್ಕನ ದನಿ.

ಅವರು ಉಸಿರು ಬಿಗಿಹಿಡಿದರು. ಒಳಗಿನಿಂದ "ಕರೀಬು" ಎಂಬ ಉತ್ತರ ಬಾರದೆ ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಮೂರು ಸಲ ಕೂಗಿ, ಉತ್ತರವಿಲ್ಲದಿದ್ದರೆ ಹಿಂದಿರುಗಬೇಕು. ಎರಡನೆಯ ಸಲವೂ ಕೂಗು ಬಂತು. ಅದರ ಹಿಂದೆಯೇ ಭಾರವಾದ ಗಂಟೊಂದನ್ನು ನೆಲಕ್ಕಿಳಿಸಿದ ಸದ್ದು, ಅಕ್ಕನ ಏದುಸಿರು. ಮೂರನೆಯ "ಹೋಡಿ" ಅರ್ಧದಲ್ಲೇ ಕೆಮ್ಮಿಗೆ ಸಿಕ್ಕಿಕೊಂಡಿತು. ಗಂಟನ್ನು ಮತ್ತೆ ಎತ್ತಲು ಅವಳು ತಿಣುಕುತ್ತಿದ್ದಳು. ಸುಮ್ಮನಿದ್ದಿದ್ದರೆ ಹೊರಟುಹೋಗುತ್ತಿದ್ದಳು.

"ಕರೀಬು ಅಕ್ಕ," ಎಂದರು ಚಿಕ್ಕಪ್ಪ. "ಎತ್ತಬೇಡ, ನಾನು ಬಂದೆ."

ಬಾಗಿಲು ತೆರೆದಾಗ ಅವರ ಕೈಯಲ್ಲಿ ಒದ್ದೆ ದುಪ್ಪಟಿ ಇತ್ತು. ಅವಳ ಕಾಲ ಬಳಿ ಒಗೆದು ಮಡಿಸಿದ ದುಪ್ಪಟಿಗಳ ಗಂಟು. ಪ್ರತಿಯೊಂದರ ಮೂಲೆಯಲ್ಲೂ ಹೋಟೆಲಿನ ನೀಲಿ ದಾರದ ಗುರುತು. ಅಪ್ಪ ಬಿಟ್ಟುಹೋದ ತೆಂಗಿನ ಮರಗಳಿಂದ ಮನೆ ನಡೆಯುತ್ತಿದೆ ಎಂದೇ ಅವಳು ಎಲ್ಲರಿಗೂ ಹೇಳುತ್ತ ಬಂದಿದ್ದಳು. ನಾನೂ ಅದನ್ನೇ ನಂಬಿದ್ದೆ.

ಅತ್ತೆ ಮೊದಲು ಹೊದಿಕೆಯ ಸೆರಗಿನಿಂದ ಆ ಗಂಟನ್ನು ಮುಚ್ಚಲು ನೋಡಿದಳು. ಆಮೇಲೆ ತಮ್ಮನ ಕೈ ನೋಡಿದಳು. ತೊಟ್ಟಿಯ ಅಂಚಿನಲ್ಲಿ ಒಣಗಲು ಹಾಕಿದ್ದ ರಬ್ಬರ್ ಶೀಟೂ ಕಣ್ಣಿಗೆ ಬಿತ್ತು.

"ಯಾವಾಗಿಂದ?"

"ಆಪರೇಷನ್ ಆದ್ಮೇಲೆ. ನೀನು ಈ ಕೆಲಸ?"

"ಅಣ್ಣ ಹೋದ್ಮೇಲೆ. ಹುಡುಗಿ ಓದ್ಬೇಕಿತ್ತಲ್ಲ."

ಚಿಕ್ಕಪ್ಪ ಇನ್ನೊಂದು ಕೈಯಲ್ಲಿ ಅವಳ ಗಂಟನ್ನು ಒಳಗೆ ಎಳೆದುಕೊಂಡರು.

"ಬುನೂನೇ ಕೂತ್ಕೊಳ್ಳಲಿ ಅಕ್ಕ. ಬಿಳಿ ಬಟ್ಟೆ ಮೇಲೆ, ಅಷ್ಟು ಜನರ ಮುಂದೆ… ನನ್ ಕೈಲಿ ಆಗಲ್ಲ."

"ಸುಮ್ನಿರೋ. ಅದನ್ನಿಲ್ಲಿ ಕೊಡು, ಸೋಪು ಹಾಗೇ ಉಳಿದಿದೆ. ಸುಣ್ಣ ಕಲಸಿದ ಹಾಗೆ ಒಗೀತಿದೀಯ." ಅವಳು ದುಪ್ಪಟಿಯನ್ನು ಕಿತ್ತುಕೊಂಡಳು. "ನಿನ್ನ ನಿಲುವಂಗೀನೂ ಕೊಡು. ನಾಳೆ ನಾನೇ ತಂದುಕೊಡ್ತೀನಿ."

ಮರುದಿನ ಮಧ್ಯಾಹ್ನ ಅವಳು ತಂದ ಗಂಟಿನಲ್ಲಿ ಇಸ್ತ್ರಿಯ ನಿಲುವಂಗಿಯ ಜೊತೆ ದಪ್ಪನೆಯ ಕಪ್ಪು ಲುಂಗಿಯೊಂದಿತ್ತು. ಅದರ ಒಳಮೈಗೆ ಹಳೆಯ ಟವೆಲಿನ ಮಡಿಕೆಗಳನ್ನು ಸಣ್ಣ ಹೊಲಿಗೆಯಲ್ಲಿ ಸೇರಿಸಿದ್ದಳು. ನಿಲುವಂಗಿಯ ಕೆಳಗೆ ಎಲ್ಲ ಗಂಡಸರೂ ಲುಂಗಿ ಉಡುತ್ತಾರೆ. ಯಾರಿಗೂ ಅನುಮಾನ ಬರುವಂತಿರಲಿಲ್ಲ.

ನಿಕಾಹ್ ನಮ್ಮ ಮನೆಯ ಅಂಗಳದಲ್ಲೇ ನಡೆಯಿತು. ಚಿಕ್ಕಪ್ಪ ಮದುಮಗನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ವಲಿಯ ಜಾಗದಲ್ಲಿ ಅವರನ್ನು ಕಂಡು ಬುನು ಹುಬ್ಬೇರಿಸಿದ. ಖಾಜಿ ಪ್ರವಚನ ಆರಂಭಿಸಿದರು. ಅದು ಬೆಳೆಯಿತು. ಮಹಡಿಯ ಪರದೆಯ ಹಿಂದೆ ಹೆಂಗಸರ ನಡುವೆ ಕೂತಿದ್ದ ನನಗೆ ಚಿಕ್ಕಪ್ಪನ ಕತ್ತು ಬಿಗಿಯುತ್ತಿರುವುದಷ್ಟೇ ಕಾಣುತ್ತಿತ್ತು. ಯಾಕೆಂದು ತಿಳಿದಿರಲಿಲ್ಲ.

ನನ್ನ ಪಕ್ಕದಲ್ಲಿದ್ದ ಅತ್ತೆ ಪರದೆಗೆ ಬಾಯಿ ಹಚ್ಚಿದಳು. "ಖಾಜಿಗಳೇ, ಬೇಗ ಮುಗಿಸಿ! ನಮ್ಮ ಸಾಹೇಬ್ರಿಗೆ ಹೋಟೆಲಿನ ಗಾಳಿ ಬೀಸದೇ ಇದ್ರೆ ತಲೆ ತಿರುಗುತ್ತಂತೆ! ಇಲ್ಲಿ ಬಡವರ ಮನೇಲಿ ಉಸಿರು ಕಟ್ಟಿ ಸಾಯ್ತಾರೆ!"

ಅಂಗಳವೆಲ್ಲ ನಕ್ಕಿತು. ಬುನು ತೊಡೆ ತಟ್ಟಿಕೊಂಡ. ನಾನೂ ನಕ್ಕೆ. ಖಾಜಿ ಗಡ್ಡದೊಳಗೇ ನಗುತ್ತ ಮಾತನ್ನು ಮೊಟಕು ಮಾಡಿ, ಒಪ್ಪಿಸುವ ಮಾತು ಹೇಳಿಸಿದರು. ಚಿಕ್ಕಪ್ಪನ ಕಿವಿ ಕೆಂಪಾಗಿತ್ತು, ದನಿ ಮಾತ್ರ ಸ್ಪಷ್ಟವಾಗಿತ್ತು. ಅವರು ಎದ್ದಾಗ ಹಾಸಿದ ಬಟ್ಟೆ ಬೆಳ್ಳಗೇ ಇತ್ತು.

ಆಮೇಲೆ ಊರು ಅವರನ್ನು ಹೋಟೆಲ್ ಶೆಕೂವೆ ಎಂದೇ ಕರೆಯಿತು. ಪ್ರತಿ ಸಲ ಬಂದಾಗಲೂ ಅವರು ಅಲ್ಲೇ ಇಳಿಯುತ್ತಿದ್ದರು, ಜಗುಲಿಯಲ್ಲಿ ಎಲ್ಲರಿಗಿಂತ ಜೋರಾಗಿ ಹಂಗಿಸುತ್ತಿದ್ದವಳು ಅತ್ತೆ. ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ಮನೆಯವರನ್ನು ಕೀಳಾಗಿ ಕಂಡವನೆಂಬ ಹೆಸರನ್ನು ಹೊತ್ತುಕೊಂಡೇ ತೀರಿಕೊಂಡರು. ಸತ್ತ ಮನೆಯಲ್ಲಿ ಬುನು ಅದೇ ಹೆಸರಿನಿಂದ ಅವರನ್ನು ನೆನೆದು ಮೆಲ್ಲಗೆ ನಕ್ಕಾಗ, ಅತ್ತೆ ನನ್ನನ್ನು ಒಳಕೋಣೆಗೆ ಕರೆದು ಇದೆಲ್ಲವನ್ನೂ ಹೇಳಿದಳು. ಈಗ ಅವಳೂ ಇಲ್ಲ.

ಹೇಳುವಾಗ ಅವಳು ತನ್ನ ಕೈಗಳನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಆ ಬೆರಳುಗಳ ಚರ್ಮ ಯಾಕೆ ಸದಾ ಸುಲಿದಿರುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.