ನನ್ನ ಸರದಿಯ ಡಬ್ಬಿ

ಠಕ್, ಠಕ್. ತೊಂಬತ್ತರ ದಶಕ ಎಂದೊಡನೆ ನನ್ನ ಕಿವಿಗೆ ಬರುವುದು ಈ ಸದ್ದು: ಸ್ಟೀಲ್ ಡಬ್ಬಿಯೊಂದು ನಮ್ಮ ಜಯನಗರದ ಮನೆಯ ಮಹಡಿ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಎರಡು ಸಲ ತಾಗುವ ಸದ್ದು. ತುಂಬಿದ ಡಬ್ಬಿ ಸಭ್ಯ ಗೃಹಸ್ಥರ ಹಾಗೆ ‘ಠಕ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಖಾಲಿಯದ್ದು ‘ಠಣ್’ ಎಂದು ಮುಂದಿನ ಕ್ರಾಸಿಗೂ ಕೇಳುವಂತೆ ರಾಗ ಎಳೆಯುತ್ತದೆ. ಇಂತಹ ಸೂಕ್ಷ್ಮಗಳನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಲಿಲ್ಲ. ಅವರು ಕಲಿಸಿದ್ದು ಫೋರ್ಕ್ ಹಿಡಿಯುವುದನ್ನು. ಅದು ಕೋಸಂಬರಿ ತಿನ್ನಲೂ ಉಪಯೋಗಕ್ಕೆ ಬರಲಿಲ್ಲ.

ಮಹಡಿಯಲ್ಲಿ ಬಾಡಿಗೆಗೆ ಬಂದವಳು ಸಚಿಕೊ. ಗಂಡ ಮೈಸೂರು ರಸ್ತೆಯ ಯಾವುದೋ ಕಾರ್ಖಾನೆಯಲ್ಲಿ ಯಂತ್ರ ಕೂರಿಸಲು ಜಪಾನಿನಿಂದ ಬಂದ ಎಂಜಿನಿಯರ್. ಮಗಳು ಎಮಿ, ನಮ್ಮ ಬ್ಲಾಕಿನ ಸ್ಕೂಲಿಗೆ ಸೇರಿ ಕೆಲವೇ ತಿಂಗಳಲ್ಲಿ ‘ಸಖತ್’ ಅನ್ನಲು ಕಲಿತ ಪೋರಿ. ಅವರು ಬಂದ ಹೊಸತರಲ್ಲಿ ಒಂದು ಡಬ್ಬಿ ಕೋಡುಬಳೆ ಕೊಟ್ಟೆ. ಸಚಿಕೊ ಒಂದನ್ನು ಬೆರಳಿಗೆ ಉಂಗುರದಂತೆ ತೊಟ್ಟು, ಕೈಯನ್ನು ಬಿಸಿಲಿಗೆ ಹಿಡಿದು ಚೆಂದ ನೋಡಿ, ಆಮೇಲೆ ಕಡಿದಳು. ಮರುದಿನ ಡಬ್ಬಿ ಹಿಂದಿರುಗಿತು. ಒಳಗೆ ಒಂದು ಬೆಂಕಿಪೊಟ್ಟಣ! ಖಾರ ಹೆಚ್ಚಾಯಿತೆಂದು ಈಕೆ ಧ್ವನಿಪೂರ್ಣವಾಗಿ ಹೇಳುತ್ತಿದ್ದಾಳೆಯೇ ಎಂದು ನಾನು ಗಾಬರಿಗೊಂಡಾಗ ಎಮಿ ಬಂದು ಬಿಡಿಸಿ ಹೇಳಿದಳು: “ಹಂಗಲ್ಲ ಆಂಟಿ, ನಮ್ಮಲ್ಲಿ ಪಾತ್ರೆ ಎಂಪ್ಟಿಯಾಗಿ ವಾಪಸ್ ಕೊಡಲ್ಲ. ಮನೇಲಿ ಬೇರೇನೂ ಇರ್ಲಿಲ್ಲ, ಅದಕ್ಕೇ.”

ಬರಿ ಪಾತ್ರೆ ಹಿಂದಿರುಗಿಸಬಾರದು, ಏನಿಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕು ಎಂದು ನನ್ನಮ್ಮನೂ ಹೇಳುತ್ತಿದ್ದಳು. ಈ ಪದ್ಧತಿ ಒಂದು ಮನೆಯಲ್ಲಿದ್ದರೆ ಸೌಜನ್ಯ. ಮಹಡಿ ಮನೆಯಲ್ಲೂ ಇದ್ದುಬಿಟ್ಟರೆ, ಓದುಗರೇ, ಅದಕ್ಕೆ ಅಂತ್ಯವೇ ಇಲ್ಲ. ನಿಪ್ಪಟ್ಟಾಗಿ ಮೇಲೇರಿದ ಡಬ್ಬಿ ಕಡಲಪಾಚಿ ಸುತ್ತಿದ ಅನ್ನದ ಉಂಡೆಯಾಗಿ ಕೆಳಗಿಳಿಯುತ್ತಿತ್ತು. ಅನ್ನದ ಉಂಡೆಯ ಋಣಕ್ಕೆ ಮತ್ತೆ ಒಬ್ಬಟ್ಟು ಏರುತ್ತಿತ್ತು. ಕಂಬಿಗೆ ಎರಡು ಸಲ ಕುಟ್ಟಿದರೆ ಸಾಕು, ಸಚಿಕೊ ಮೇಲಿನಿಂದ ಬಗ್ಗಿ “ಬಂದೆ, ಲೀಲಾಸಾನ್, ಬಂದೆ” ಎನ್ನುವಳು; ‘ಸಾನ್’ ಎಂದರೆ ಅವರ ಭಾಷೆಯ ‘ಅವರೇ’. ಅವಳ ಕನ್ನಡ ನನ್ನ ಜಪಾನೀಸ್‌ಗಿಂತ ಎರಡೇ ಪದ ಮುಂದಿತ್ತು. ಆದ್ದರಿಂದ ನಮ್ಮಲ್ಲಿ ಒಮ್ಮೆಯೂ ಜಗಳವಾಗಲಿಲ್ಲ. ಐದಾರು ವರ್ಷ ಹೀಗೆ ಕಳೆದು, ಊರಿಗೆ ಹೊರಟ ದಿನ ಅವಳು ಡಬ್ಬಿಯ ತುಂಬ ಸಿಹಿ ತುಂಬಿ ನನ್ನ ಕೈಗಿಟ್ಟಳು. “ಲೀಲಾಸಾನ್, ಈಗ ನಿಮ್ಮ ಟರ್ನ್.”

ನನ್ನ ಸರದಿ ಬಂದದ್ದು ಎರಡು ಸಾವಿರದ ಐದರಲ್ಲಿ, ಎಮಿಯ ಫೋನಿನ ರೂಪದಲ್ಲಿ. “ಆಂಟಿ, ಅಮ್ಮಂಗೆ ಒಬ್ಬೊಬ್ರೇ ಮರ್ತೋಗ್ತಿದಾರೆ. ಅಪ್ಪನ್ನೂ ಗುರುತು ಹಿಡಿಯಲ್ಲ ಈಗ. ನಿಮ್ ಹೆಸ್ರು ಮಾತ್ರ ಇನ್ನೂ ಹೇಳ್ತಾಳೆ. ಬರೋದಿದ್ರೆ ಬೇಗ ಬಂದ್ಬಿಡಿ.”

ನನ್ನ ತಂಗಿ ಕಮಲ ಜೆ.ಪಿ. ನಗರದಿಂದ ಓಡಿ ಬಂದಳು, ನನ್ನನ್ನು ತಡೆಯಲು. “ಅಕ್ಕಾ, ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಲ್ಲಿ ಒಳಗೆ ಹೋದ್ರೆ ಹೊರಗೆ ಬರೋ ದಾರಿ ಗೊತ್ತಾಗಲ್ಲ ನಿಂಗೆ. ಜಪಾನಲ್ಲಿ ಕಳ್ದೋದ್ರೆ ಯಾರು ಹುಡುಕ್ತಾರೆ? ಸುದ್ದಗುಂಟೆಪಾಳ್ಯದ ಆಟೋದೋನು ಬರ್ತಾನಾ?” ಬೈಯುತ್ತಲೇ ಕೂತು ಕೋಡುಬಳೆ ಹೊಸೆದು, ಅದೇ ಡಬ್ಬಿಗೆ ತುಂಬಿ ದಾರ ಕಟ್ಟಿಕೊಟ್ಟಳು.

ಒಸಾಕದಿಂದ ಬುಲೆಟ್ ಟ್ರೈನು; ಅದು ಎಷ್ಟು ವೇಗವೆಂದರೆ ನನ್ನ ಭಯ ಒಂದೆರಡು ಸ್ಟೇಷನ್ ಹಿಂದೆಯೇ ಉಳಿದುಬಿಟ್ಟಿತು. ಅದರಿಂದಿಳಿದು ಕಡಲ ಪಕ್ಕದ ಓನೊಮಿಚಿ ಎಂಬ ಊರಿಗೆ ಹೋಗುವ ಪುಟ್ಟ ಲೋಕಲ್ ರೈಲು ಹತ್ತಿದ ಮೇಲೆ ಭಯ ಬಂದು ಪಕ್ಕದಲ್ಲಿ ಕೂತಿತು. ಬೇರೆ ಯಾರೂ ಮಾತಾಡುವವರಿರಲಿಲ್ಲ. ನಮ್ಮ ಮೈಸೂರು ರೈಲಿನಲ್ಲಾದರೆ ಬಿಡದಿಗೆ ಹೆಸರು, ರಾಮನಗರಕ್ಕೆ ಗೋತ್ರ, ಮದ್ದೂರಿಗೆ ವಡೆಯ ವಿನಿಮಯ, ಮಂಡ್ಯಕ್ಕೆ ಮಗಳ ಜಾತಕ. ಇಲ್ಲಿ ಎದುರಿಗೆ ಕೂತ ವೃದ್ಧರೊಬ್ಬರು ತಮ್ಮ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು, ಧ್ಯಾನಸ್ಥ ಮುನಿಯ ಹಾಗೆ ನನ್ನ ಸೀರೆಯ ಅಂಚನ್ನು ನೋಡದಿರುವ ತಪಸ್ಸಿನಲ್ಲಿದ್ದರು. ಆ ನಿಶ್ಶಬ್ದದಲ್ಲಿ ಡಬ್ಬಿಯ ಮುಚ್ಚಳವೊಂದೇ ಕಿಣಿಕಿಣಿ ಎನ್ನುತ್ತಿತ್ತು. ಅಂಗೈಯಿಂದ ಒತ್ತಿ ಹಿಡಿದೆ. ಮಗುವಿನ ಬಾಯಿ ಮುಚ್ಚಿದ ಹಾಗೆ.

ಆಗ ಮನೆಗಳ ನಡುವಿನಿಂದ ಸಮುದ್ರ ಕಾಣಿಸಿತು. ಅಲೆಯಿಲ್ಲ, ಅಬ್ಬರವಿಲ್ಲ, ಲಾಲ್‌ಬಾಗ್ ಕೆರೆಯನ್ನು ಹಿಗ್ಗಿಸಿ, ಬೋರಲು ಹಾಕಿದ ಬಟ್ಟಲುಗಳಂಥ ದ್ವೀಪಗಳನ್ನು ತೇಲಿಬಿಟ್ಟ ಹಾಗಿತ್ತು. ಬೆಟ್ಟದ ಮೈಯೆಲ್ಲ ಮೆಟ್ಟಿಲು, ಮೆಟ್ಟಿಲಿನ ಮೇಲೆಲ್ಲ ಬೆಕ್ಕು, ಕಾಂಪೌಂಡುಗಳ ಮೇಲೆ ಬಾಗಿದ ನಿಂಬೆಗಿಡ. ಪಿಕ್ಚರ್ ಪೋಸ್ಟ್‌ಕಾರ್ಡ್! ಆದರೆ ಇಂಥ ಊರೇ ಕಣ್ಣೆದುರಿಗಿದ್ದೂ ಅವಳ ಮನಸ್ಸಿನಿಂದ ಅಳಿಸಿಹೋಗುತ್ತಿದ್ದರೆ, ದೂರದ ಬಡಾವಣೆಯೊಂದರ ಕೆಳಮನೆಯ ಹೆಂಗಸು ಯಾವ ಲೆಕ್ಕ?

ಸ್ಟೇಷನ್ನಿಗೆ ಬಂದಿದ್ದ ಎಮಿ ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಸಚಿಕೊ ಬಾಗಿಲಲ್ಲೇ ನಿಂತಿದ್ದಳು, ಮೊದಲಿಗಿಂತ ಸಣ್ಣಗೆ, ಇಸ್ತ್ರಿ ಮಾಡಿದ ಬಟ್ಟೆಯಷ್ಟು ನೀಟಾಗಿ. ಜಯನಗರದಲ್ಲಿ ಕೈ ಬೀಸಿ ನಗುತ್ತಿದ್ದವಳು ಸೊಂಟ ಬಾಗಿಸಿ ನನಗೆ ವಂದಿಸಿದಳು. ಒಳಗೆ ಕೂತು ಡಬ್ಬಿಯ ದಾರ ಬಿಚ್ಚಿದೆ. ಅವಳು ಒಂದು ಕೋಡುಬಳೆ ಎತ್ತಿಕೊಂಡಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ಅವಳು ಅದನ್ನು ಮುರಿದು, ಚೂರು ಚೂರಾಗಿ, ಅಪರಿಚಿತರ ಮನೆಯಲ್ಲಿ ತಿನ್ನುವಷ್ಟು ಮರ್ಯಾದೆಯಿಂದ ತಿಂದು, ಮಗಳನ್ನು ಏನೋ ಕೇಳಿದಳು. ಎಮಿ ತಲೆ ತಗ್ಗಿಸಿದಳು.

“ಏನಂತೆ?”

“‘ಈ ಮೇಡಂ ಯಾವ ಊರಿನವ್ರು’ ಅಂತಿದಾಳೆ ಆಂಟಿ. ಹೋದ್ವಾರ ಕೂಡ ಲೀಲಾಸಾನ್ ಅಂದಿದ್ಲು. ಪ್ರಾಮಿಸ್.”

ಹೆಸರು ಹೋದರೆ ಹೋಗಲಿ. ನಾನೇ ಈಗೀಗ ಪೇಪರಿನ ಹುಡುಗನನ್ನು ಹಾಲಿನವನ ಹೆಸರಿನಿಂದ ಕರೆಯುತ್ತೇನೆ. ತಲೆ ಮರೆತದ್ದನ್ನು ಕೈ ಮರೆಯುವುದಿಲ್ಲವೆಂಬ ಆಸೆಯೊಂದು ಉಳಿದಿತ್ತು. ಹೊರಡುವ ಹೊತ್ತಿಗೆ ಅವಳು ಕೋಡುಬಳೆಗಳನ್ನು ತಟ್ಟೆಗೆ ಸುರಿದು, ಡಬ್ಬಿ ತೊಳೆದು, ಬಟ್ಟೆಯಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಮುಚ್ಚಳ ತೆಗೆದು ನೋಡಿದೆ. ಬೆಂಕಿಪೊಟ್ಟಣವೂ ಇರಲಿಲ್ಲ.

ಎಮಿ ನೋಡಿಬಿಟ್ಟಳು. ಅಂಗಳದ ಗಿಡದಿಂದ ನಿಂಬೆಹಣ್ಣು ಕೀಳಲು ಓಡಿದವಳ ತೋಳು ಹಿಡಿದೆ. “ಬೇಡ ಮರಿ. ಅದು ಅವಳೇ ಹಾಕ್ಬೇಕಾದ್ದು.”

ಮೆಟ್ಟಿಲಿಳಿದು ತಿರುವಿಗೆ ಬಂದಾಗ ಹಿಂತಿರುಗಿ ನೋಡಿದೆ. ಮೇಲೆ ಗೇಟಿನ ಬಳಿ ತಾಯಿ ಮಗಳು ನಿಂತಿದ್ದರು. ನನ್ನ ಪಕ್ಕದಲ್ಲೇ ಕಬ್ಬಿಣದ ಕಂಬಿಯಿತ್ತು. ಸಿಸ್ಟರುಗಳು ಒಪ್ಪುತ್ತಿರಲಿಲ್ಲ; ಆದರೂ ಬೀದಿಯಲ್ಲಿ ನಿಂತು ಡಬ್ಬಿಯನ್ನು ಕಂಬಿಗೆ ಎರಡು ಸಲ ಕುಟ್ಟಿದೆ. ಠಣ್, ಠಣ್. ಸಚಿಕೊಗೆ ಕೇಳಿಸಿತು. ಅವಳು ಗೇಟು ಹಿಡಿದು ಮುಂದೆ ಬಗ್ಗಿ, ನನ್ನ ತಲೆಯ ಮೇಲಿನಿಂದ, ಸದ್ದು ಎಲ್ಲಿಂದ ಬಂತೆಂದು ಸಮುದ್ರದ ಕಡೆ ನೋಡಿದಳು.